ಹಾಸಿಗೆ ಹೊತ್ತ ನಾಲ್ವರು



ಶುಭಸಂದೇಶದಲ್ಲಿ ನಾವೆಲ್ಲರೂ ಹಲವು ಬಾರಿ ಕೇಳಿರುವ ಒಂದು ಪ್ರಸಂಗವಿದೆ. ಕಫೆರ್ನವುಮಿನ ಒಂದು ಮನೆಯಲ್ಲಿ ಯೇಸುಸ್ವಾಮಿ ಬೋಧಿಸುತ್ತಿದ್ದಾರೆ. ಬಾಗಿಲ ಬಳಿ ಕಾಲಿಡಲೂ ಜಾಗವಿಲ್ಲ. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಜನಸಂದಣಿ ನೋಡಿ ಅವರು ಹಿಂದಿರುಗುವುದಿಲ್ಲ. ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆಯನ್ನು ಒಳಗೆ ಇಳಿಸುತ್ತಾರೆ. ಯೇಸು ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನು ಎನ್ನುತ್ತಾನೆ ಮಾರ್ಕನು. ಮಲಗಿದ್ದವನು ಒಂದು ಮಾತನ್ನಾದರೂ ಆಡಿದಂತೆ ಆ ಪ್ರಸಂಗದಲ್ಲಿ ಕಾಣುವುದಿಲ್ಲ.

ದೇಹ ಬಿದ್ದವನನ್ನು ಹೊರುವುದು ನಮಗೆ ಚೆನ್ನಾಗಿ ಗೊತ್ತು. ನಮ್ಮ ಆತಗೂರು ಹೋಬಳಿಯ ಯಾವುದೇ ಹಳ್ಳಿಯಲ್ಲಿ ಕಬ್ಬಿನ ಗದ್ದೆಯಲ್ಲಿ ಒಬ್ಬರಿಗೆ ಹಾವು ಕಚ್ಚಿತೆನ್ನಿ. ಯಾರ ಗಾಡಿ, ಯಾರ ಪೆಟ್ರೋಲು ಎಂದು ಯಾರೂ ಕೇಳುವುದಿಲ್ಲ. ಇಬ್ಬರು ಹಿಡಿದುಕೊಂಡು, ಒಬ್ಬರು ಗಾಡಿ ಓಡಿಸಿಕೊಂಡು ಮದ್ದೂರಿನ ಆಸ್ಪತ್ರೆ ಮುಟ್ಟಿಸುತ್ತಾರೆ. ಜಾತಿ, ಮತ, ಹಳೆಯ ಜಗಳ ಎಲ್ಲವೂ ಆ ಹೊತ್ತಿಗೆ ಮರೆತುಹೋಗುತ್ತವೆ. ಆದರೆ ಮನಸ್ಸು ಬಿದ್ದವನನ್ನು ಹೊರುವವರು ಯಾರು? ಈ ಲೇಖನದಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ.

ಒಂದು ಮನೆಯ ಮಾತು

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಇದು ಇಂಥವರ ಮನೆ ಎಂದಲ್ಲ. ನಮ್ಮ ಯಾವ ಬೀದಿಯಲ್ಲಾದರೂ ಇರಬಹುದಾದ ಮನೆ. ಯಜಮಾನನಿಗೆ ನಲವತ್ತೈದು ವರ್ಷ. ಒಂದೂವರೆ ಎಕರೆ ಕಬ್ಬು, ಎರಡು ಹಸು, ಮಗಳ ಮದುವೆಯ ಸಾಲ. ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಹಸುವಿನ ಮೈದಡವುತ್ತಿದ್ದವನು ಈಗ ಕೊಟ್ಟಿಗೆಯ ಕಡೆ ಹೋಗುವುದಿಲ್ಲ. ಎದೆ ನೋವು, ತಲೆಭಾರ ಎಂದು ಮೂರು ಕಡೆ ತೋರಿಸಿದ್ದಾಯಿತು. ಎಲ್ಲಾ ಪರೀಕ್ಷೆಯಲ್ಲೂ ‘ಏನೂ ಇಲ್ಲ’ ಎಂದೇ ಬಂತು.

ಜಗಲಿಯ ಮೇಲೆ ಕುಳಿತವನಿಗೆ ಊರು ಏನು ಹೇಳುತ್ತದೆ? “ಏನ್ಲಾ ಆಗದೆ ನಿಂಗೆ? ಉಣ್ಣಾಕಿಲ್ವಾ, ಉಡಾಕಿಲ್ವಾ? ಗಂಡಸಾಗಿ ಹಿಂಗ್ ಕುಂತಿದ್ದೀಯಲ್ಲ!” ಒಬ್ಬರು ಗಾಳಿ ಸೋಕಿದೆ ಎನ್ನುತ್ತಾರೆ, ಇನ್ನೊಬ್ಬರು ಯಾರೋ ಮಾಡಿಸಿದ್ದಾರೆ ಎನ್ನುತ್ತಾರೆ. ನಮ್ಮವರಾದರೆ, “ಜಪ ಮಾಡೋದು ಬಿಟ್ಟಿದ್ದಾನೆ, ಅದಕ್ಕೇ ಹೀಗೆ” ಎನ್ನುತ್ತಾರೆ. ಹೆಂಡತಿ ಮಾತ್ರ ಒಳಗೊಳಗೇ ಹೆದರಿ ಸುಮ್ಮನಿರುತ್ತಾಳೆ. ಮಾತು ಹೊರಗೆ ಬಿದ್ದರೆ ಎರಡನೆಯ ಮಗಳಿಗೆ ಸಂಬಂಧ ಕೂಡಿಬಂದೀತೇ ಎಂಬುದು ಅವಳ ಚಿಂತೆ.

ಇದು ಸೋಮಾರಿತನವಲ್ಲ, ಮಾಟವೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಇದಕ್ಕೆ ಖಿನ್ನತೆ ಎಂದು ಹೆಸರು. ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿರುವುದು, ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗುವುದು, ನಿದ್ದೆ ಮತ್ತು ಹಸಿವು ಕೆಡುವುದು, ಮೈ ಭಾರ, ತಾನು ಯಾರಿಗೂ ಬೇಡ ಎನ್ನುವ ಯೋಚನೆ ಇವು ಅದರ ಗುರುತುಗಳು. ನಮ್ಮ ಜನ ‘ಮನಸ್ಸಿಗೆ ಬೇಜಾರು’ ಎಂದು ಹೇಳುವುದಕ್ಕಿಂತ ‘ಎದೆ ಉರಿ, ಕೈಕಾಲು ಸೋಲು’ ಎಂದು ಹೇಳುವುದೇ ಹೆಚ್ಚು. ಆದ್ದರಿಂದ ಕಾಯಿಲೆ ಗುರುತಿಗೆ ಸಿಕ್ಕುವುದು ತಡವಾಗುತ್ತದೆ.

ಇಂಥವರು ಎಷ್ಟು ಮಂದಿ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಯಾವುದು ಎಂಬುದರ ಮೇಲೆ, ಚಿಕಿತ್ಸೆ ಬೇಕಾದ ಪ್ರತಿ ನೂರು ಮಂದಿಯಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಂದರೆ ಹಾಸಿಗೆಗಳು ಬೀದಿ ಬೀದಿಯಲ್ಲೂ ಇವೆ. ಹೊರುವವರು ಬೇಕಾಗಿದ್ದಾರೆ. ಆ ನಾಲ್ವರು ಯಾರೆಂದು ಒಬ್ಬೊಬ್ಬರಾಗಿ ನೋಡೋಣ.

ಮೊದಲನೆಯವರು: ಮನೆಯವರು

ಒಂದು ಕಾಲದಲ್ಲಿ ಮಾನಸಿಕ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದೆಂದರೆ ಮನೆಯಿಂದ ಕಳಿಸಿಬಿಡುವುದು ಎಂದೇ ಅರ್ಥವಾಗಿತ್ತು. ಎತ್ತರದ ಗೋಡೆಯ ಒಳಗೆ ಅವನು, ಹೊರಗೆ ಸಂಸಾರ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಈ ಕ್ರಮವನ್ನು ಬದಲಿಸಿದರು. ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಉಳಿಯುವಂತೆ ಮಾಡಿದರು. ಮನೆಯವರ ಕಣ್ಣ ಮುಂದೆಯೇ ರೋಗಿಗಳು ಸುಧಾರಿಸಿದರು, ಬೇಗ ಮನೆಗೂ ಹೋದರು. ಕಾಯಿಲೆ ಗುಣವಾಗುತ್ತದೆ ಎಂಬ ಸುದ್ದಿಯನ್ನು ಊರಿಗೆ ಒಯ್ದವರು ಆ ಮನೆಯವರೇ. ಮುಂದೆ ನಮ್ಮ ಬೆಂಗಳೂರಿನ ಸಂಸ್ಥೆಯಲ್ಲೂ ಸಂಸಾರ ಜೊತೆಗಿದ್ದು ಆರೈಕೆ ಮಾಡುವ ಪದ್ಧತಿ ಬೆಳೆಯಿತು. 2009ರಲ್ಲಿ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವಿನ ಪ್ರತ್ಯೇಕ ವಿಭಾಗ ಆರಂಭವಾಯಿತು. ಹೆರಿಗೆಯಾದ ಮೇಲೆ ಬರುವ, ನಮ್ಮ ಅಜ್ಜಿಯರು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದ ಕಾಯಿಲೆಗೆ ಅಲ್ಲಿ ತಾಯಿಯನ್ನು ಮಗುವಿನಿಂದ ಅಗಲಿಸದೆ ಚಿಕಿತ್ಸೆ ಕೊಡುತ್ತಾರೆ.

ಹಾಗಾದರೆ ಮನೆಯವರು ಏನು ಮಾಡಬೇಕು? ಪ್ರವಾದಿ ಎಲೀಯನನ್ನು ನೆನಪಿಸಿಕೊಳ್ಳಿ. ಅಷ್ಟು ದೊಡ್ಡ ಪ್ರವಾದಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ತನಗೆ ಬದುಕು ಸಾಕು ಎಂದ. ದೇವರು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದೂತನು ಬಂದು ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಇನ್ನೊಮ್ಮೆ ಉಣ್ಣಿಸಿದ. ಮುಂದಿನ ದಾರಿಯ ಮಾತು ಬಂದದ್ದು ಆಮೇಲೆ. ನಾವು ಮಾತ್ರ ಊಟಕ್ಕೆ ಮೊದಲೇ ಉಪದೇಶ ಬಡಿಸುತ್ತೇವೆ!

ಪಕ್ಕದಲ್ಲಿ ಕುಳಿತುಕೊಳ್ಳಿ. “ಎದ್ದೇಳು, ಧೈರ್ಯ ತಂದುಕೋ” ಎನ್ನಬೇಡಿ. ಕಾಲು ಮುರಿದವನಿಗೆ ಓಡು ಎಂದಂತೆ ಆಗುತ್ತದೆ. “ನಿಂಗೆ ಎಷ್ಟು ಕಷ್ಟ ಆಗ್ತಿದೆ ಅಂತ ನಂಗೆ ಕಾಣ್ತಾ ಇದೆ, ಬಾ, ನಾನೂ ಜೊತೆಗೆ ಬತ್ತೀನಿ, ಒಂದ್ ಸಲ ತೋರಿಸ್ಕೊಂಡು ಬರಾಣ” ಎನ್ನಿ. ವೈದ್ಯರು ಕೊಟ್ಟ ಮಾತ್ರೆಯ ವಿಷಯದಲ್ಲೂ ತಿಳಿದಿರಬೇಕು. ಖಿನ್ನತೆಯ ಔಷಧಿ ಜ್ವರದ ಮಾತ್ರೆಯ ಹಾಗೆ ಅದೇ ದಿನ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಸರಿಹೋಯಿತು ಎಂದುಕೊಂಡು ನಡುವೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ‘ಅಭ್ಯಾಸ ಆಗಿಬಿಡುತ್ತದೆ’ ಎಂಬ ಹೆದರಿಕೆಯಿಂದ ಎಷ್ಟೋ ಮನೆಗಳಲ್ಲಿ ಮಾತ್ರೆ ಕಪಾಟಿನಲ್ಲೇ ಉಳಿಯುತ್ತದೆ. ಖಿನ್ನತೆಗೆ ಕೊಡುವ ಔಷಧಿಗಳು ಹೆಂಡ, ಹೊಗೆಸೊಪ್ಪಿನ ಹಾಗೆ ಚಟವಾಗುವಂಥವಲ್ಲ. ಅನುಮಾನವಿದ್ದರೆ ವೈದ್ಯರನ್ನೇ ಕೇಳಿ, ನಿಲ್ಲಿಸುವುದನ್ನೂ ಅವರ ಮಾತಿನಂತೆಯೇ ಮಾಡಿ.

ಎರಡನೆಯವರು: ನೆರೆಯವರು

ಮನೆಯವರಷ್ಟೇ ಹೊತ್ತರೆ ಹೆಗಲು ಬಿದ್ದುಹೋಗುತ್ತದೆ. 2015ರ ವರ್ಷ ನಮ್ಮ ಜಿಲ್ಲೆಗೆ ಮರೆಯಲಾಗದ ಪಾಠ. ಸಕ್ಕರೆಯ ಬೆಲೆ ಕುಸಿದಿತ್ತು, ಕಾರ್ಖಾನೆಗಳಿಂದ ಕಬ್ಬಿನ ಬಾಕಿ ಬರಬೇಕಿತ್ತು, ಮಳೆ ಕೈಕೊಟ್ಟಿತ್ತು. ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿ ದಿನದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ ಆ ಒಂದೇ ವರ್ಷ ಕರ್ನಾಟಕದಲ್ಲಿ 1,569 ಮಂದಿ ರೈತರು ಮತ್ತು ಕೃಷಿ ಕಾರ್ಮಿಕರು ಹೀಗೆ ಪ್ರಾಣ ಕಳೆದುಕೊಂಡರು. ಸಾಲವೂ ಬೆಲೆಯೂ ಸರ್ಕಾರ ಉತ್ತರ ಹೇಳಬೇಕಾದ ವಿಷಯಗಳು. ಅವನ್ನು ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕಬಾರದು. ಆದರೆ ಒಂದೇ ಸಾಲ, ಒಂದೇ ಬರ ಇದ್ದ ಎರಡು ಮನೆಗಳಲ್ಲಿ ಒಂದರ ಯಜಮಾನನ ಪಕ್ಕದಲ್ಲಿ ಮಾತಾಡಲು ಯಾರೋ ಒಬ್ಬರು ಇದ್ದರು, ಇನ್ನೊಬ್ಬನ ಪಕ್ಕದಲ್ಲಿ ಯಾರೂ ಇರಲಿಲ್ಲ ಎಂದರೆ, ಆ ವ್ಯತ್ಯಾಸಕ್ಕೆ ನಾವೇ ಉತ್ತರ ಹೇಳಬೇಕು.

ನೆರೆಯವರಿಂದ ಏನಾದೀತು ಎಂದು ಕೇಳುವವರು ಆಫ್ರಿಕಾದ ಜಿಂಬಾಬ್ವೆಯ ಕಡೆ ನೋಡಬೇಕು. ಅಲ್ಲಿ ಇಡೀ ದೇಶಕ್ಕೆ ಮನೋವೈದ್ಯರು ಬೆರಳೆಣಿಕೆಯಷ್ಟು. ಡಾ. ಡಿಕ್ಸನ್ ಚಿಬಾಂಡಾ ಅವರಲ್ಲೊಬ್ಬರು. ಅವರ ರೋಗಿಯಾಗಿದ್ದ ಒಬ್ಬ ಯುವತಿ, ಆಸ್ಪತ್ರೆಗೆ ಬರಲು ಬಸ್ಸಿನ ಹಣವಿಲ್ಲದೆ ಊರಲ್ಲೇ ಉಳಿದು, ಪ್ರಾಣ ಕಳೆದುಕೊಂಡಳು. ಆ ದುಃಖದಲ್ಲಿ ಅವರು ಕಂಡುಕೊಂಡದ್ದು ಸರಳ ದಾರಿ: ರೋಗಿ ಬರಲಾಗದಿದ್ದರೆ ಆರೈಕೆಯೇ ಅವಳ ಬೀದಿಗೆ ಹೋಗಬೇಕು. 2006ರಲ್ಲಿ ಹರಾರೆ ನಗರದ ಎಂಬಾರೆ ಎಂಬ ಬಡ ಬಡಾವಣೆಯಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟರು. ಚಿಕಿತ್ಸಾಲಯದ ಅಂಗಳದಲ್ಲಿ ಒಂದು ಮರದ ಬೆಂಚು. ಅದರ ಮೇಲೆ ಅಜ್ಜಿ, ಅವಳ ಪಕ್ಕದಲ್ಲಿ ನೊಂದವರು. ಅಜ್ಜಿ ಕೇಳಿಸಿಕೊಳ್ಳುತ್ತಾಳೆ, ಇರುವ ತೊಂದರೆಗಳಲ್ಲಿ ಮೊದಲು ಯಾವುದನ್ನು ಬಿಡಿಸಬಹುದು ಎಂದು ಜೊತೆಯಲ್ಲಿ ಯೋಚಿಸುತ್ತಾಳೆ, ಮುಂದಿನ ವಾರ ಮತ್ತೆ ಬಾ ಎನ್ನುತ್ತಾಳೆ. ಅಲ್ಲಿನ ಶೋನಾ ಭಾಷೆಯಲ್ಲಿ ಈ ಕಾಯಿಲೆಗೆ ‘ಕುಫುಂಗಿಸಿಸಾ’ ಎನ್ನುತ್ತಾರೆ. ಅಂದರೆ ಅತಿಯಾಗಿ ಯೋಚನೆ ಮಾಡುವುದು. ನಮ್ಮೂರಿನಲ್ಲಿ “ಬರೀ ಯೋಚ್ನೆ ಮಾಡ್ಕೊಂಡು ಕುಂತವ್ನೆ” ಎನ್ನುವುದೂ ಇದನ್ನೇ ಅಲ್ಲವೇ? 2016ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು, ಈ ಬೆಂಚಿನಲ್ಲಿ ಕುಳಿತವರು ಮಾಮೂಲಿ ಆರೈಕೆ ಪಡೆದವರಿಗಿಂತ ಹೆಚ್ಚು ಚೇತರಿಸಿಕೊಂಡರು ಎಂದು ತೋರಿಸಿತು. ಪಕ್ಕದ ಗೋವಾದಲ್ಲೂ ಡಾ. ವಿಕ್ರಮ್ ಪಟೇಲ್ ಮತ್ತು ‘ಸಂಗಾತ್’ ಸಂಸ್ಥೆಯವರು ವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ ಆಪ್ತ ಸಲಹೆ ಕೊಡಿಸಿ ಯಶಸ್ಸು ಕಂಡಿದ್ದಾರೆ.

ನಮ್ಮಲ್ಲಿ ಬೆಂಚಿಗೇನು ಬರವೇ? ಅರಳಿಕಟ್ಟೆಯಿದೆ, ಡೇರಿಯ ಮುಂದಿನ ಜಗಲಿಯಿದೆ. 2000ದಿಂದ ಸ್ತ್ರೀಶಕ್ತಿ ಗುಂಪುಗಳು ಹಳ್ಳಿ ಹಳ್ಳಿಯಲ್ಲೂ ಹುಟ್ಟಿಕೊಂಡವು. ಆದರೆ ಒಂದು ಕಹಿ ಮಾತನ್ನೂ ಹೇಳಬೇಕು. ಸಾಲದ ಸಂಘಗಳಲ್ಲಿ ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರೆಲ್ಲ ಕಟ್ಟಬೇಕು. ಹಾಗಾಗಿ ಪಕ್ಕದಲ್ಲಿ ಕೂರಬೇಕಾದ ಗೆಳತಿಯರೇ ವಸೂಲಿಗೆ ಬಾಗಿಲಲ್ಲಿ ನಿಲ್ಲುವಂತಾಗಿದೆ. ಕಿರುಕುಳ ಎಷ್ಟು ಹೆಚ್ಚಿತೆಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ಸಾಲ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಪರಸ್ಪರ ಹೊಣೆ ಎಂಬುದು ಪರಸ್ಪರ ಅವಮಾನವಾದರೆ ಗುಂಪು ಇದ್ದೂ ಇಲ್ಲದಂತೆ. ಕಂತಿನ ಪುಸ್ತಕ ತೆಗೆಯುವ ಮೊದಲು “ಈ ವಾರ ಹೆಂಗಿದ್ದೀಯವ್ವ?” ಎಂದು ಕೇಳುವ ಅಭ್ಯಾಸ ಪ್ರತಿ ಗುಂಪಿನಲ್ಲೂ ಬರಲಿ.

ನೆರೆಯವರು ಮಾಡಬಹುದಾದ ಇನ್ನೆರಡು ಕೆಲಸಗಳಿವೆ. ಒಬ್ಬರು ತೀರಾ ಕುಗ್ಗಿದ್ದಾರೆ ಎನ್ನಿಸಿದರೆ, “ಸಾಯುವ ಯೋಚನೆ ಏನಾದರೂ ಬರುತ್ತಿದೆಯೇ?” ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದವರೊಬ್ಬರು ಇದ್ದಾರೆ ಎಂಬುದೇ ಎಷ್ಟೋ ಜನರಿಗೆ ಉಸಿರು ಬಿಟ್ಟಂತಾಗುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಎರಡನೆಯದು, ಹೊಲಕ್ಕೆ ತಂದ ಔಷಧಿಯನ್ನು ಮನೆಯೊಳಗೆ ಕೈಗೆ ಸಿಕ್ಕುವಂತೆ ಇಡಬೇಡಿ. ಬೀಗದೊಳಗೆ ಇಡಿ, ಅಥವಾ ಬೇರೆಯವರ ವಶಕ್ಕೆ ಕೊಡಿ. ಆ ಕೆಟ್ಟ ಗಳಿಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಅದನ್ನು ದಾಟಿಸಿದರೆ ಒಂದು ಜೀವ ಉಳಿಯುತ್ತದೆ.

ಮೂರನೆಯವರು: ವೈದ್ಯರು

ಮಾನಸಿಕ ಚಿಕಿತ್ಸೆ ಎಂದರೆ ಬೆಂಗಳೂರಿಗೇ ಹೋಗಬೇಕು ಎಂದು ಈಗಲೂ ಅನೇಕರು ತಿಳಿದಿದ್ದಾರೆ. ಅದನ್ನು ಹಳ್ಳಿಯ ಹತ್ತಿರ ತರುವ ಕೆಲಸ ನಮ್ಮ ರಾಜ್ಯದಲ್ಲೇ ಮೊದಲಾಯಿತು ಎಂಬುದು ನಮಗೆ ಹೆಮ್ಮೆಯ ಸಂಗತಿ. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಈ ಕಾಯಿಲೆಗಳನ್ನು ಗುರುತಿಸುವುದನ್ನು ಕಲಿಸಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಇಡೀ ಜಿಲ್ಲೆಗೆ ಹರಡಿದರು. ಬಳ್ಳಾರಿಯ ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ಕರ್ನಾಟಕ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ, ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡನ್ನು ಆರಂಭಿಸಿತು. ಆದ್ದರಿಂದ ಮೊದಲು ಮದ್ದೂರಿನ ಸರ್ಕಾರಿ ಆಸ್ಪತ್ರೆಯಲ್ಲಿ, ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿ. ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್ ಕೂಡ ನಮಗೆ ದೂರವಿಲ್ಲ. ದಾರಿ ತಿಳಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮನೆಬಿಟ್ಟು ಹೊರಡಲಾಗದವರಿಗೆ ಫೋನಿದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸೇವೆ ಆರಂಭವಾಯಿತು. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ರೋಗಿ ಮಾತ್ರವಲ್ಲ, ರೋಗಿಯ ಹೆಂಡತಿ, ತಾಯಿ, ಮಗನೂ ಮಾತಾಡಬಹುದು. ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಈಗಲೇ ಬರೆದಿಡಿ.

ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಯತ್ನಿಸಿದ್ದಕ್ಕೇ ಶಿಕ್ಷೆ ವಿಧಿಸುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಇಲ್ಲ. ಒಂದು ನಿಮಿಷವೂ ತಡಮಾಡದೆ ಕರೆದೊಯ್ಯಿರಿ.

ನಾಲ್ಕನೆಯವರು: ವಿಶ್ವಾಸಿಗಳ ಸಮುದಾಯ

ನಮ್ಮ ಜನ ಮೊದಲು ಹೋಗುವುದು ಆಸ್ಪತ್ರೆಗಲ್ಲ, ದೇವರ ಬಳಿಗೆ. ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿಗೇ ನಿಂತರೆ ಅಪಾಯವಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ಪ್ರಾರ್ಥನೆಯಿಂದ ಗುಣವಾಗಲೆಂದು ತಂದುಬಿಟ್ಟಿದ್ದ ಮಾನಸಿಕ ರೋಗಿಗಳ ಖಾಸಗಿ ವಸತಿಗೆ ಬೆಂಕಿ ಬಿತ್ತು. ಅವರ ಕಾಲಿಗೆ ಸರಪಳಿ ಇತ್ತು. 28 ಮಂದಿ ಸುಟ್ಟುಹೋದರು. ಇದನ್ನು ಬೇರೆ ಮತದವರ ತಪ್ಪೆಂದು ಬೆರಳು ತೋರಿಸುವ ಮೊದಲು, “ವಿಶ್ವಾಸ ಇದ್ದರೆ ಮಾತ್ರೆ ಏಕೆ?” ಎಂದು ನಮ್ಮ ನಡುವೆ ಎಷ್ಟು ಸಲ ಹೇಳಿದ್ದೇವೆ ಎಂದು ಕೇಳಿಕೊಳ್ಳೋಣ. ಸಕ್ಕರೆ ಕಾಯಿಲೆಯವನಿಗೆ ನವೇನ ಮುಗಿಯುವವರೆಗೆ ಇನ್ಸುಲಿನ್ ಬೇಡ ಎಂದು ನಾವು ಹೇಳುವುದಿಲ್ಲವಲ್ಲ! ಪ್ರಾರ್ಥನೆ ಇರಲಿ, ಮಾತ್ರೆಯೂ ಇರಲಿ. ಎರಡೂ ಒಂದೇ ಹಾಸಿಗೆಯ ಎರಡು ಮೂಲೆಗಳು.

ಇನ್ನೊಂದು ಹಳೆಯ ಗಾಯವಿದೆ. 1917ರ ಧರ್ಮಸಭೆಯ ಕಾನೂನು, ತಿಳಿದೂ ಬೇಕೆಂದೇ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಕಾನೂನು ಸಂಹಿತೆಯಲ್ಲಿ ಆ ನಿಷೇಧವಿಲ್ಲ. ತೀವ್ರ ಮಾನಸಿಕ ಯಾತನೆ ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತದೆ, ಅಂಥವರ ನಿತ್ಯ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಪ್ರಾರ್ಥಿಸಬೇಕು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಆದರೂ ಅಂಥ ಸಾವು ಕಂಡ ಮನೆಯ ಕಡೆಗೆ ನಮ್ಮ ಹೆಜ್ಜೆ ಇಂದಿಗೂ ಸಲೀಸಾಗಿ ಹೋಗುವುದಿಲ್ಲ. ತಿಂಗಳ ಪೂಜೆ ಮುಗಿದ ಮೇಲೆ ಆ ವಿಧವೆಯ ಪಕ್ಕದ ಜಾಗ ಖಾಲಿಯೇ ಉಳಿಯುತ್ತದೆ. ಆ ಜಾಗದಲ್ಲಿ ಒಬ್ಬರು ಹೋಗಿ ಕುಳಿತರೆ ಅದು ಸಾವಿರ ಸಾಂತ್ವನದ ಮಾತಿಗೆ ಸಮ.

2006ರ ಫೆಬ್ರವರಿ 11ರ ವಿಶ್ವ ರೋಗಿಗಳ ದಿನವನ್ನು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಮಾನಸಿಕ ಅಸ್ವಸ್ಥರಿಗೇ ಮೀಸಲಿಟ್ಟಿದ್ದರು. ಆ ದಿನ ಪ್ರತಿ ವರ್ಷ ಬರುತ್ತದೆ. ಪ್ರತಿ ವರ್ಷವೂ ಮೈಯ ರೋಗಿಗಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಹರಸುತ್ತೇವೆ. ಮನಸ್ಸಿನ ರೋಗಿಯನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತೇವೆ.

ಚಾವಣಿ ಬಿಚ್ಚಬೇಕಾಗಿದೆ

ಪ್ರಿಯರೇ, ಕಫೆರ್ನವುಮಿನ ಆ ನಾಲ್ವರಿಗೆ ಹಾಸಿಗೆ ಹೊರುವುದಕ್ಕಿಂತ ಕಷ್ಟವಾದದ್ದು ಚಾವಣಿ ಬಿಚ್ಚುವುದು. ಅದು ಬೇರೆಯವರ ಮನೆ. ಮಣ್ಣು ಕೆಳಗಿನವರ ತಲೆಯ ಮೇಲೆ ಉದುರಿರಬೇಕು. ಜನ ಬೈದಿರಲೂ ಬಹುದು. ನಮ್ಮ ಊರುಗಳಲ್ಲಿ ರೋಗಿಗೂ ಚಿಕಿತ್ಸೆಗೂ ನಡುವೆ ಇರುವ ಚಾವಣಿ ಯಾವುದು? ‘ಜನ ಏನಂದಾರು’ ಎಂಬ ನಾಚಿಕೆ. ಔಷಧಿ ಇದೆ, ವೈದ್ಯರಿದ್ದಾರೆ, ಫೋನಿದೆ, ಕಾನೂನಿದೆ. ಆ ‘ಜನ’ ಎಂದರೆ ಬೇರೆ ಯಾರೂ ಅಲ್ಲ, ನಾವೇ. ಆದ್ದರಿಂದ ಬಿಚ್ಚಬೇಕಾದವರೂ ನಾವೇ.

ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋಗುವಾಗ, ಕೆಲವು ವಾರಗಳಿಂದ ದೇವಾಲಯಕ್ಕೆ ಬಾರದ ಒಬ್ಬರ ಮನೆ ಬಾಗಿಲನ್ನು ತಟ್ಟೋಣ. ಏಕೆ ಬರಲಿಲ್ಲ ಎಂದು ಕೇಳುವುದು ಬೇಡ. “ಹೆಂಗಿದ್ದೀಯಣ್ಣ?” ಎಂದು ಕೇಳಿ, ಜಗಲಿಯ ಮೇಲೆ ಒಂದಿಷ್ಟು ಹೊತ್ತು ಕೂತಿರೋಣ. ಹಾಸಿಗೆಯ ಒಂದು ಮೂಲೆಯನ್ನು ಹಿಡಿಯುವುದೆಂದರೆ ಅಷ್ಟೇ. ಉಳಿದ ಮೂರು ಮೂಲೆಗಳಿಗೆ ಕೈಗಳು ತಾವಾಗಿಯೇ ಬರುತ್ತವೆ.